ಐಡಿಯಾ ಸಿಗುತ್ತಿಲ್ಲವೇ? ಒಂದು ಕಾಗೆ ಬರೆಯಿರಿ

ಇಲ್ಲಿ ಚಿತ್ರ ಬರೆಯುವವರು, ಪೋಸ್ಟರ್ ಡಿಸೈನ್ ಮಾಡುವವರು ತುಂಬಾ ಜನ ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ತಲೆ ಖಾಲಿ ಅನಿಸಿದಾಗ ಪಿಂಟ್‌ರೆಸ್ಟ್ ತೆರೆದು ಕೂರಬೇಡಿ. ಅಲ್ಲಿ ಬೇರೆಯವರು ಮಾಡಿ ಮುಗಿಸಿದ್ದು ಸಿಗುತ್ತದೆ, ಅಷ್ಟೇ. ಕಿಟಕಿ ಹೊರಗೆ ಕೂತ ಕಾಗೆ ನೋಡಿ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆ ಬರೆದವರು, ದೊಡ್ಡ ವ್ಯಂಗ್ಯಚಿತ್ರಕಾರರಾದ ಮೇಲೂ ಅದನ್ನು ಬಿಡಲಿಲ್ಲ. ನೀವೂ ಒಂದೇ ಕಾಗೆಯನ್ನು ಬೇರೆ ಬೇರೆ ಭಂಗಿಯಲ್ಲಿ ಬೇಗ ಬೇಗ ಗೀಚಿ, ರಬ್ಬರ್ ಮುಟ್ಟಲೇಬೇಡಿ. ಆಮೇಲೆ ಅದಕ್ಕೊಂದು ಕೆಲಸ ಕೊಡಿ: ಬಸ್ ಕಂಡಕ್ಟರ್, ಮದುವೆ ಬ್ರೋಕರ್, ಅಪಾರ್ಟ್‌ಮೆಂಟ್ ಸೆಕ್ರೆಟರಿ, ಏನಾದರೂ ಸರಿ. ಕತ್ತು ಓರೆ ಮಾಡಿ ನೋಡುವ ಆ ನೋಟ ಮಾತ್ರ ಹಾಗೇ ಇರಲಿ, ನಗು ಬರುವುದು ಅಲ್ಲಿಂದಲೇ. ಮೀಸೆ, ಟೋಪಿ ಎಲ್ಲ ಜಾಸ್ತಿ ಬೇಡ.

ಇನ್ನು ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳಲ್ಲಿ ಬರುವ ‘ಕಾಮನ್ ಮ್ಯಾನ್’ ಗೊತ್ತಲ್ವಾ? ಚೌಕಳಿ ಕೋಟು, ಪಂಚೆ, ಕನ್ನಡಕ. ಆತ ಮಾತೇ ಆಡುವುದಿಲ್ಲ, ಸುತ್ತ ಎಷ್ಟೇ ಗದ್ದಲವಿದ್ದರೂ ಸುಮ್ನೆ ನೋಡುತ್ತಾ ನಿಂತಿರುತ್ತಾನೆ, ಅದಕ್ಕೇ ನಮ್ಮ ಕಣ್ಣು ಅವನ ಹತ್ತಿರ ಹೋಗುತ್ತದೆ. ಪೋಸ್ಟರಿಗೂ ಇದು ಚೆನ್ನಾಗಿ ಹೊಂದುತ್ತದೆ. ಎಲ್ಲ ಅಕ್ಷರ, ಎಲ್ಲ ಬಣ್ಣ ಒಟ್ಟಿಗೆ ಕೂಗಬಾರದು, ಒಂದು ಮೂಲೆ ಸುಮ್ಮನಿರಲಿ.

ಬೆಂಗಳೂರಿನಲ್ಲಿದ್ದರೆ ಟ್ರಿನಿಟಿ ಸರ್ಕಲ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಖಂಡಿತ ಹೋಗಿ, ಮೆಟ್ರೋ ಇಳಿದರೆ ನಡೆದೇ ಹೋಗಬಹುದು. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಹತ್ತಿರ ನಿಂತು ಗಮನಿಸಿ. ಫೋಟೋ ತೆಗೆಯುವ ಬದಲು ಪುಟ್ಟ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ. ಹೊರಡುವ ಮೊದಲು ತೆರೆದಿರುವ ಸಮಯ ಒಮ್ಮೆ ವಿಚಾರಿಸಿ.