ಕಿಟಕಿ ಕೊರೆಯದೆ ಕಟ್ಟಿದ ರೈನ್‌ಗೋಲ್ಡ್

ಜರ್ಮನಿಯ ಐಷಾರಾಮಿ ರೈಲು ರೈನ್‌ಗೋಲ್ಡ್‌ನ 1962ರ ಬೋಗಿಗಳ ಮಾದರಿಯನ್ನು 1:87 ಅಳತೆಯಲ್ಲಿ, ಪೂರ್ಣ ಉದ್ದಕ್ಕೆ, ಒಂದೂ ಕಿಟಕಿ ಕೊರೆಯದೆ ಮಾಡುತ್ತೇನೆ ಎಂದಾಗ ನಮ್ಮ ಮಾದರಿ ರೈಲು ಕ್ಲಬ್ಬಿನ ಹಿರಿಯರು ನಕ್ಕರು. ಪಾರದರ್ಶಕ ಹಾಳೆಗೆ ಬಣ್ಣ ಹೊಡೆದರೆ ಅದು ಬಿಸ್ಕತ್ತಿನ ಡಬ್ಬಿಯಂತೆ ಕಾಣುತ್ತದೆ ಎಂಬುದು ಅವರ ತೀರ್ಮಾನ. ಈಗ ಅವರೇ ಭೂತಗನ್ನಡಿ ಹಿಡಿದು ನನ್ನ ಕಿಟಕಿಗಳ ಅಂಚನ್ನು ನೋಡುತ್ತಾರೆ.

ಅಸಲಿ ಬೋಗಿ 26.4 ಮೀಟರ್, ನಮ್ಮ ಲೆಕ್ಕಕ್ಕೆ 303 ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ 282 ಮಿಲಿಮೀಟರಿನದು ಇಕ್ಕಟ್ಟಾದ ತಿರುವಿನಲ್ಲಿ ಸಲೀಸಾಗಿ ಓಡುತ್ತದೆ, ನಿಜ. ಆದರೆ ಕಿಟಕಿಗಳ ಅಂತರ ಕುಗ್ಗಿ ಮುಖಲಕ್ಷಣವೇ ಕೆಡುತ್ತದೆ. ಹವಾನಿಯಂತ್ರಿತ ರೈಲಾದ್ದರಿಂದ ಆ ದೊಡ್ಡ ಕಿಟಕಿಗಳ ಗಾಜು ಹೊರಮೈಗೆ ಹೆಚ್ಚುಕಡಿಮೆ ಸಮನಾಗಿ ಕೂತಿತ್ತು. ಗೋಡೆ ಕೊರೆದು ಗಾಜು ಅಂಟಿಸಿದರೆ ಅದು ಒಳಕ್ಕೆ ಇಳಿಯುತ್ತದೆ. ಗೋಡೆಯೇ ಗಾಜಾಗಿಬಿಟ್ಟರೆ ಆ ತಕರಾರಿಲ್ಲ.

ಮೊದಲು ಅಕ್ರಿಲಿಕ್ ಹಿಡಿದೆ. ಥಿನ್ನರ್ ತಾಗಿದಲ್ಲೆಲ್ಲ ಕೂದಲೆಳೆಯ ಬಿರುಕು. ಅರವತ್ತು ಯೂರೊ ಬೆಲೆಯ ಹಾಳೆ ಕಸದ ಬುಟ್ಟಿ ಸೇರಿತು. ಆಮೇಲೆ ಒಂದು ಮಿಲಿಮೀಟರ್ ದಪ್ಪದ ಪಿಇಟಿಜಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಂದೆ. ಅದು ಬಾಗುತ್ತದೆ, ಬಿರಿಯುವುದಿಲ್ಲ. ಕಿಟಕಿಯ ಸಾಲಿನ ಮೇಲೂ ಕೆಳಗೂ ಒಳಗಿನಿಂದ ಪಟ್ಟಿ ಕೊಟ್ಟರೆ ನೆಟ್ಟಗೆ ನಿಲ್ಲುತ್ತದೆ.

ಗುಟ್ಟೆಲ್ಲ ಬಣ್ಣದ ಸರದಿಯಲ್ಲಿದೆ. ಕಿಟಕಿಗೆ ಬಣ್ಣ ತಾಗದಂತೆ ಗಾಜಿನಷ್ಟೇ ಅಗಲದ ವಿನೈಲ್ ಮುಸುಕು ಅಂಟಿಸಿ ಬೆಳ್ಳಿ ಬಣ್ಣ. ಅದರ ಮೇಲೆ ಸುತ್ತಲೂ ಅರ್ಧ ಮಿಲಿಮೀಟರ್ ದೊಡ್ಡದಾದ ಎರಡನೇ ಮುಸುಕು, ಆಮೇಲೆ ಕೆನೆ ಬಣ್ಣ, ಕೊನೆಗೆ ಕೆಳಭಾಗಕ್ಕೆ ನೀಲಿ. ಎರಡೂ ಮುಸುಕು ಕಿತ್ತಾಗ ಅಲ್ಯೂಮಿನಿಯಂ ಚೌಕಟ್ಟು ತಾನಾಗಿ ಉಳಿದಿರುತ್ತದೆ. ಬೆಳ್ಳಿಯಿಂದ ಇನ್ನೊಂದು ಲಾಭ: ಒಳಗೆ ಎಲ್‌ಇಡಿ ಹಚ್ಚಿದರೆ ಕೆನೆ ಬಣ್ಣದ ಮೂಲಕ ಬೆಳಕು ಸೋರಿ ಇಡೀ ಬೋಗಿ ಕಾಗದದ ಗೂಡುದೀಪವಾಗುವ ಕಾಟ ನಿಮಗೂ ಗೊತ್ತಿರಬೇಕು; ಲೋಹದ ಪುಡಿಯ ಪದರ ಅದನ್ನು ಪೂರ್ತಿ ತಡೆಯಿತು. ಇದನ್ನು ನಾನು ಮೊದಲೇ ಲೆಕ್ಕ ಹಾಕಿದ್ದೆ ಎಂದು ಕ್ಲಬ್ಬಿನಲ್ಲಿ ಹೇಳಿಕೊಳ್ಳುತ್ತೇನೆ.

ನೀಲಿ ಮಾತ್ರ ಬಹಳ ಕಾಡಿತು. ಟೇಪಿನಡಿ ನುಸುಳಿ ಕೆನೆಯ ಮೇಲೆ ಮೀಸೆ ಮೂಡಿಸುತ್ತಿತ್ತು. ಟೇಪು ಹಾಕಿದ ಮೇಲೆ ಮೊದಲು ತೆಳುವಾಗಿ ಬಣ್ಣವಿಲ್ಲದ ವಾರ್ನಿಶ್ ಹೊಡೆದು ಅಂಚು ಮುಚ್ಚಿದ ನಂತರವೇ ಗೆರೆ ನೇರವಾಯಿತು. ಎರಡನೇ ಮುಸುಕನ್ನು ಮೊದಲನೆಯದರ ಮೇಲೆ ಕರಾರುವಾಕ್ಕಾಗಿ ಕೂರಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಸಣ್ಣ ಸಾಧನ ಮಾಡಿಕೊಂಡಿದ್ದೇನೆ. ಅದರ ವಿಷಯ ಇಲ್ಲಿ ಬೇಡ.

ಗುಮ್ಮಟದ ಬೋಗಿಯದು ಬೇರೆಯೇ ಕಥೆ. ಮೇಲೆ 22 ಆಸನಗಳ ಗಾಜಿನ ಕೋಣೆ. ಉಳಿದ ಜಾಗದಲ್ಲಿ ಬಾರ್, ಪತ್ರ ಬೆರಳಚ್ಚು ಮಾಡಿಕೊಡುವ ಕಾರ್ಯದರ್ಶಿಯ ಕೋಣೆ, ದೂರವಾಣಿ. ಇಂಥವು ಒಟ್ಟು ಐದೇ ತಯಾರಾದವು. ಗುಮ್ಮಟಕ್ಕೆ ಮರದ ಅಚ್ಚು ಕೆತ್ತಿ, ಹಾಳೆಯನ್ನು ಅಡುಗೆಮನೆಯ ಓವನ್‌ನಲ್ಲಿ ಮೆತ್ತಗೆ ಮಾಡಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿದೆ. ಮರದ ನಾರಿನ ಗೆರೆಗಳೆಲ್ಲ ಗಾಜಿನಲ್ಲಿ ಮೂಡಿದವು. ಅಚ್ಚಿಗೆ ಪುಟ್ಟಿ ಹಚ್ಚಿ ಕನ್ನಡಿಯಂತೆ ಉಜ್ಜಿದ ಮೇಲೆ ತಿಳಿಯಾಗಿ ಬಂತು. ತಲೆಭಾರದ ಬೋಗಿ, ನೆಲದಡಿ ಸೀಸದ ತಗಡು ಹಾಕಲೇಬೇಕು. ನನ್ನದು ಸುಮಾರು 180 ಗ್ರಾಂ ತೂಗುತ್ತದೆ.

ಈ ಹುಮ್ಮಸ್ಸಿನಲ್ಲಿ 1928ರ ಮೊದಲ ರೈನ್‌ಗೋಲ್ಡಿನ ನೇರಳೆ-ಕೆನೆ ಬೋಗಿಗೂ ಕೈ ಹಾಕಿದೆ. ಅದು 23.5 ಮೀಟರಿನದು, ಗಾಜು ಚೌಕಟ್ಟಿನೊಳಗೆ ಹಿಂದಕ್ಕೆ ಕೂತಿರುತ್ತದೆ. ನನ್ನ ವಿಧಾನದಲ್ಲಿ ಚಪ್ಪಟೆ ಚಿತ್ರದಂತೆ ಕಂಡಿತು. ಆ ಬೋಗಿಗೆ ಕೊರೆಯುವುದೇ ಸರಿ.

ಖರ್ಚು? ಬೋಗಿಯಡಿ ಕೂರುವ ಮಿಂಡೆನ್-ಡಾಯ್ಟ್ಸ್ ಮಾದರಿಯ ಚಕ್ರದ ಟ್ರಾಲಿಗಳು ಹಳೆ ಸಾಮಾನಿನ ಸಂತೆಯಲ್ಲಿ ಜೋಡಿಗೆ ಹನ್ನೆರಡು ಯೂರೊ ಆಸುಪಾಸು. ಹಾಳೆ, ಬಣ್ಣ, ದೀಪ, ಅಕ್ಷರ ಎಲ್ಲ ಸೇರಿ ಬೋಗಿಗೆ ನಲವತ್ತರ ಒಳಗೇ. ಅಂಗಡಿಯದು ಎಪ್ಪತ್ತು ದಾಟುತ್ತದೆ. ವಿನೈಲ್ ಕತ್ತರಿಸುವ ಯಂತ್ರಕ್ಕೆ ಕೊಟ್ಟ ಇನ್ನೂರು ಯೂರೊ ಇದರಲ್ಲಿ ಸೇರಿಲ್ಲ, ಅದನ್ನು ಮನೆಯಲ್ಲೂ ಲೆಕ್ಕಕ್ಕೆ ಸೇರಿಸಿಲ್ಲ. ನೀಲಿ ಕೊಳ್ಳುವಾಗ ಜರ್ಮನ್ ಬಣ್ಣಪಟ್ಟಿಯ ಸಂಖ್ಯೆಯಾದ ಆರ್‌ಎಎಲ್ 5013, ಕೆನೆಗೆ 1001 ಎಂದೇ ಕೇಳಿ. ‘ಇದೂ ಅದೇ ನೀಲಿ’ ಎಂದು ಒಬ್ಬ ಅಂಗಡಿಯವರು ಕೊಟ್ಟ ಡಬ್ಬಿ ಇನ್ನೂ ನನ್ನ ಕಪಾಟಿನಲ್ಲಿದೆ, ಬೇಕಾದವರು ಒಯ್ಯಬಹುದು.