ಮುಂಬಯಿಯಲ್ಲಿ ವಿಮಾನ ನೋಡಲು: ಮೊದಲು ಗಾಳಿ, ಆಮೇಲೆ ಜಾಗ

ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹಾಗಾಗಿ ಮನೆಯಿಂದ ಹೊರಡುವ ಮುಂಚೆ ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡಿಕೊಳ್ಳಿ. ಮುಂಬಯಿಯ ಮುಖ್ಯ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಪಶ್ಚಿಮಕ್ಕೆ ಮುಖ ಮಾಡಿ ಬಳಸಿದರೆ ಅದರ ಹೆಸರು 27, ಪೂರ್ವಕ್ಕಾದರೆ 09. ದಿಕ್ಸೂಚಿಯ 270 ಮತ್ತು 90 ಡಿಗ್ರಿಯ ಕೊನೆಯ ಸೊನ್ನೆ ಬಿಟ್ಟರೆ ಉಳಿಯುವ ಅಂಕಿಗಳು. ಕಡಲ ಗಾಳಿಯ ಮಧ್ಯಾಹ್ನಗಳಲ್ಲಿ, ಇಡೀ ಮಳೆಗಾಲದಲ್ಲಿ ಬಹುಪಾಲು 27. ಚಳಿಗಾಲದ ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಬಂದರೆ 09ಕ್ಕೆ ತಿರುಗುವುದುಂಟು. ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರಾಡಾರ್24 ಆ್ಯಪ್ ತೆರೆದು ಕೊನೆಯ ನಾಲ್ಕೈದು ವಿಮಾನ ಯಾವ ಕಡೆಯಿಂದ ಇಳಿದವೆಂದು ನೋಡಿದರೆ ಅನುಮಾನವೇ ಉಳಿಯದು.

27 ನಡೆಯುತ್ತಿದ್ದರೆ ಇಳಿಯುವವು ಘಾಟ್ಕೋಪರ್ ಮೇಲೆ ಬರುತ್ತವೆ. ಇಳಿಜಾರು 3 ಡಿಗ್ರಿ, ಅಂದರೆ ಕಿಲೋಮೀಟರಿಗೆ ಸುಮಾರು 52 ಮೀಟರ್. ರನ್‌ವೇ ಅಂಚು ದಾಟುವಾಗ ಎತ್ತರ 15 ಮೀಟರ್. ಎರಡೂವರೆ ಕಿ.ಮೀ. ಆಚೆಯ ಘಾಟ್ಕೋಪರ್ ಸ್ಟೇಷನ್ ಹತ್ತಿರ 145 ಮೀಟರ್ ಆಸುಪಾಸು. ಅಲ್ಲಿ ಮನೆಯಿರುವ ನಮ್ಮವರಿಗೆ ಬಿಲ್ಡಿಂಗಿನ ಟೆರೇಸೇ ಸಾಕು, ಸೊಸೈಟಿ ಸೆಕ್ರೆಟರಿಯನ್ನು ಮೊದಲೇ ಕೇಳಿಕೊಳ್ಳಿ. ಏರುವವನ್ನು ನೋಡಲು ಜುಹು ಬೀಚಿನ ದಕ್ಷಿಣದ ತುದಿ, ಕೋಳಿವಾಡದ ಕಡೆ ಹೋಗಿ. ಸಂಜೆ ನಾಲ್ಕೂವರೆಯ ನಂತರ ಸಮುದ್ರಕ್ಕೆ ಬೆನ್ನು ಮಾಡಿ ನಿಂತರೆ ಬಿಸಿಲು ನೇರವಾಗಿ ವಿಮಾನದ ಮೂತಿಗೆ ಬೀಳುತ್ತದೆ. ಬೆಳಗ್ಗೆ ಅದೇ ಮೂತಿ ಕಪ್ಪಾಗಿ ಕಾಣುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ವಿಮಾನದ ದಾರಿಗಿಂತ ತುಸು ದಕ್ಷಿಣಕ್ಕೇ ನಿಲ್ಲಿ.

ಮಳೆಗಾಲದ ಮುಂಚೆ ಮತ್ತು ನಂತರ ದುರಸ್ತಿಗೆಂದು ಹಗಲಲ್ಲಿ ಕೆಲವು ಗಂಟೆ ರನ್‌ವೇ ಮುಚ್ಚುತ್ತಾರೆ. ಮುಖ್ಯ ರನ್‌ವೇ ಒಂದೇ ಮುಚ್ಚಿದ್ದರೆ ವಿಮಾನಗಳು ಅದನ್ನು ಅಡ್ಡ ಹಾಯುವ ಎರಡನೇ ರನ್‌ವೇ 14/32ಕ್ಕೆ ಹೋಗುತ್ತವೆ. ಕೋಳಿವಾಡದಲ್ಲಿ ಕಾದು ಪ್ರಯೋಜನವಿಲ್ಲ. ದಿನಾಂಕ ಪತ್ರಿಕೆಯಲ್ಲಿ ಮೊದಲೇ ಬರುತ್ತದೆ.

ಬರಿಗಣ್ಣಿಗೆ ಬಹಳಷ್ಟು ಸಿಗುತ್ತದೆ, ಆದರೂ 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಕ್ಯಾಮೆರಾದಲ್ಲಿ ಜೆಟ್ಟಿಗೆ ಶಟರ್ 1/1000 ಸೆಕೆಂಡ್ ಇಡಿ. ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ ಎಟಿಆರ್ ಬಂದಾಗ ಮಾತ್ರ 1/200ಕ್ಕೆ ಇಳಿಸಿ, ಇಲ್ಲದಿದ್ದರೆ ಪ್ರೊಪೆಲ್ಲರ್ ನಿಂತುಹೋದಂತೆ ಬರುತ್ತದೆ. ಮೇ ತಿಂಗಳ ನಡುಹಗಲಲ್ಲಿ ದೂರದ ವಿಮಾನದ ಅಂಚುಗಳು ಅಲೆಯಾಡಿದರೆ ಲೆನ್ಸನ್ನು ಬೈಯಬೇಡಿ, ಅದು ಕಾದ ನೆಲದ ಗಾಳಿ. ಎಂಥ ದುಬಾರಿ ಲೆನ್ಸೂ ಅದನ್ನು ತಿದ್ದಲಾರದು. ವಿಮಾನ ತಲೆಯ ಮೇಲೆ ಬರುವವರೆಗೆ ಕಾಯಿರಿ.

ಏರ್‌ಬಸ್ ಎ320 ಮತ್ತು ಬೋಯಿಂಗ್ 737 ಗುರುತಿಸುವಲ್ಲಿ ಹೊಸಬರೆಲ್ಲ ತಡವರಿಸುತ್ತಾರೆ. ಏರುವಾಗ ಹೊಟ್ಟೆ ನೋಡಿ. ಎ320ರ ಚಕ್ರಗಳು ಒಳಸೇರಿದ ಮೇಲೆ ಬಾಗಿಲು ಪೂರ್ತಿ ಮುಚ್ಚುತ್ತದೆ. 737ರಲ್ಲಿ ಆ ಬಾಗಿಲಿಲ್ಲ, ಚಕ್ರಗಳು ಎರಡು ಕಪ್ಪು ಬಿಲ್ಲೆಗಳಂತೆ ಕೆಳಗಿನಿಂದ ಸ್ಪಷ್ಟವಾಗಿ ಕಾಣುತ್ತವೆ.

ವಿಮಾನ ನಿಲ್ದಾಣದ ಕಾಂಪೌಂಡಿಗೆ ಅಂಟಿಕೊಂಡು ನಿಲ್ಲಬೇಡಿ, ಡ್ರೋನ್ ಹಾರಿಸಲೇಬೇಡಿ. ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ, ಗೋವಾದ ದಾಬೋಳಿ ನೌಕಾಪಡೆಯದು. ಅಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.