ಸ್ಪ್ಯಾನಿಶ್ ಅನಿಯಮಿತ ಕ್ರಿಯಾಪದ: ಮೊದಲು 'ತೆಂಗೊ' ಹಿಡೀರಿ
ಧಾರವಾಡದಲ್ಲಿ ಕೂತು ಸ್ಪ್ಯಾನಿಶ್ ಶುರು ಮಾಡೋರು ಅನಿಯಮಿತ (ನಿಯಮದಂತೆ ರೂಪ ಬದಲಾಗದ) ಕ್ರಿಯಾಪದಗಳ ಇಡೀ ಕೋಷ್ಟಕ ಬಾಯಿಪಾಠ ಮಾಡೋಕೆ ಹೋಗ್ಬೇಡ್ರಿ, ವಾರದಾಗ ಬೇಸರ ಬರ್ತದ. ಮೊದಲು 'ನಾನು' ರೂಪಕ್ಕೆ 'ಗೊ' ಹತ್ತೋ ಗುಂಪು ಹಿಡೀರಿ: ತೆಂಗೊ (ನನ್ನ ಹತ್ರ ಇದೆ), ಬೆಂಗೊ (ಬರ್ತೀನಿ), ಆಗೊ (ಮಾಡ್ತೀನಿ), ದಿಗೊ (ಹೇಳ್ತೀನಿ), ಸಾಲ್ಗೊ (ಹೊರಡ್ತೀನಿ). ತೆಂಗೊ ಅಂದಾಗ ತೆಂಗು ನೆನಸ್ರಿ, ಮರೆಯೋದಿಲ್ಲ. ದಿನಕ್ಕೆ ಎರಡೇ ಸಾಕು, ಬರೀ ಪದ ಬೇಡ, ವಾಕ್ಯದಾಗ ಹೇಳ್ರಿ.

ಎಲ್ಲರೂ ಎಡವೋದು ಸೆರ್, ಎಸ್ತಾರ್ ನಡುವೆ, ಎರಡಕ್ಕೂ ಇಂಗ್ಲಿಷಿನಾಗ 'be' ಒಂದೇ. ನಮಗೆ ಕನ್ನಡವೇ ಅಳತೆಗೋಲು. 'ನಾನು ಗದಗಿನವ' ಅನ್ನೋದಕ್ಕೆ 'ಇರು' ಬೇಕಿಲ್ಲ, ಅಲ್ಲಿ ಸೆರ್: ಸೋಯ್ ದೆ ಗದಗ. 'ಹುಬ್ಬಳ್ಳಿಯಲ್ಲಿದ್ದೀನಿ', 'ಸುಸ್ತಾಗಿದ್ದೀನಿ' ಅನ್ನೋದಕ್ಕೆ 'ಇರು' ಬೇಕು, ಅಲ್ಲಿ ಎಸ್ತಾರ್: ಎಸ್ತೋಯ್. ಬಹುಪಾಲು ಕಡೆ ಇದು ಕೂಡ್ತದ. ಹಸಿವಿನಂಥವಕ್ಕೆ ಕೂಡೋದಿಲ್ಲ, ಹಸಿವಿಗೆ ತೆಂಗೊ ಆಂಬ್ರೆ, ಅಂದ್ರೆ 'ನನ್ನ ಹತ್ರ ಹಸಿವಿದೆ'!

'ಯೋ' (ನಾನು) ಪ್ರತಿ ಸಲ ಹಚ್ಚಬೇಡ್ರಿ. 'ಹೋಗ್ತೀನಿ' ಅಂದ್ರೇ ನಾನು ಅಂತ ನಮಗೆ ತಿಳಿಯೋ ಹಾಗೆ, ಅಲ್ಲೂ 'ಫುಯಿ' (ನಾನು ಹೋದೆ) ಸಾಕು. ಆದ್ರ ಫುಯಿ ಅಂದ್ರ 'ಹೋದೆ'ನೂ ಹೌದು, 'ಆಗಿದ್ದೆ'ನೂ ಹೌದು. ಫುಯಿ ಆದಮೇಲೆ 'ಅ' ಮತ್ತು ಊರು ಬಂದ್ರೆ ಹೋದದ್ದು: ಫುಯಿ ಅ ಹಾವೇರಿ.